ಎದೆಯ ಡಬ್ಬಿ ಬದಲಾದ ಸೋಣ ತಿಂಗಳು

ಮೊನ್ನೆ ಆಸ್ಪತ್ರೆಯಲ್ಲಿ ಆರು ತಿಂಗಳ ತಪಾಸಣೆಗೆಂದು ಅಂಗಿ ಬಿಚ್ಚಿ ಮಲಗಿದ್ದೆ. ನರ್ಸು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಎದೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ವರ್ಷದ ಹಿಂದಿನ ಸೋಣ, ಎಂದರೆ ಆಸಾಡಿ ಕಳೆದ ಮೇಲೆ ಬರುವ ತಿಂಗಳು, ಪೂರ್ತಿ ಎದ್ದು ಬಂತು. ಸ್ಪಿರಿಟ್ಟಿನ ಬೆನ್ನಿಗೇ ಒದ್ದೆ ಹಗ್ಗದ ವಾಸನೆಯೂ ಬಂತು. ಆಸ್ಪತ್ರೆಯಲ್ಲಿ ಹಗ್ಗ ಎಲ್ಲಿಂದ ಬರಬೇಕು? ಆದರೆ ನನ್ನ ಮೂಗಿನಲ್ಲಿ ಆ ಎರಡು ವಾಸನೆ ಒಂದನ್ನು ಬಿಟ್ಟು ಒಂದು ಇರುವುದಿಲ್ಲ.

ನಾನು ಉಪ್ಪುಂದದವ, ಕೈರಂಪಣಿ ಎಳೆದು ಬೆಳೆದವ. ದೋಣಿಯವರು ಬಲೆಯನ್ನು ಕಡಲಿನಲ್ಲಿ ಬಳಸಿ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗ ಹಿಡಿದು ನಲವತ್ತು ಐವತ್ತು ಜನ ಮರಳಿನ ಮೇಲೆ ನಿಂತು ದಡಕ್ಕೆ ಎಳೆಯುತ್ತಾರೆ. ಅದೇ ಕೈರಂಪಣಿ. ಅದಕ್ಕೊಂದು ಕಟ್ಟಳೆ ಉಂಟು: ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಗಟ್ಟಿಮುಟ್ಟಾದವನು ಮುಂದೆ ನಿಂತು ಎಳೆಯಲಿ, ಹಲ್ಲಿಲ್ಲದ ಮುದುಕ ಹಿಂದೆ ಬಾಲ ಹಿಡಿದು ಸುಮ್ಮನೆ ನಿಲ್ಲಲಿ, ಹಿಡಿದಿದ್ದಾನೋ ಇಲ್ಲವೋ ಅಷ್ಟೇ ಲೆಕ್ಕ. ಹಿಡಿಯದವನು ಊರಿನ ಯಜಮಾನನಾದರೂ ಕೈ ಬೀಸಿಕೊಂಡು ಮನೆಗೆ ಹೋಗಬೇಕು.

ಐವತ್ತೆರಡನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಹಗ್ಗ ಹಿಡಿದುಕೊಂಡೇ ನಾನು ಮರಳಿನ ಮೇಲೆ ಬಿದ್ದೆ. ಜನ ನೀರು ಚಿಮುಕಿಸಿ ಎಬ್ಬಿಸಿದರು. ಎದ್ದೆ, ಮತ್ತೆ ಬಿದ್ದೆ. ಬ್ರಹ್ಮಾವರ ದಾಟಿ ದೊಡ್ಡಾಸ್ಪತ್ರೆಗೆ ಒಯ್ದಾಗ ನನ್ನ ನಾಡಿ ನಿಮಿಷಕ್ಕೆ ಮೂವತ್ತರ ಆಸುಪಾಸಿನಲ್ಲಿತ್ತಂತೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸುದ್ದಿ ಹೋಗುವ ದಾರಿ ಕಟ್ಟಾಗಿದೆ ಎಂದರು ಡಾಕ್ಟರು. ಎಡಭುಜದ ಕೆಳಗೆ ಚರ್ಮ ಸೀಳಿ ಒಂದು ಡಬ್ಬಿ ಇಟ್ಟು, ಅದರಿಂದ ಎರಡು ತಂತಿಯನ್ನು ಹೃದಯದೊಳಗೆ ಇಳಿಸಿದರು. ಪೇಸ್‌ಮೇಕರ್.

ನನ್ನ ಅಕ್ಕ ಗಿರಿಜೆ ಆ ಬೆಳಿಗ್ಗೆ ಅಲ್ಲೇ ಮರಳಿನ ಮೇಲಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಬ್ಬಿ, ನಮ್ಮ ಅಮ್ಮ, ಬೇಗ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ನನಗೆ ಮದುವೆ ಎಂಬುದೊಂದು ಆಗಲೇ ಇಲ್ಲ, ಅವಳ ಗಂಡ ಸಣ್ಣ ವಯಸ್ಸಿಗೇ ಹೋದ. ಹಾಗಾಗಿ ಒಂದೇ ಮನೆಯಲ್ಲಿ ಇಬ್ಬರೂ ಜಗಳ ಮಾಡಿಕೊಂಡು ಸುಖವಾಗಿದ್ದೇವೆ. ನನ್ನನ್ನು ಆಪರೇಷನ್ನಿಗೆ ಒಳಗೆ ಒಯ್ದ ಹೊತ್ತಿಗೆ ಅವಳು ಆಸ್ಪತ್ರೆಯಿಂದ ಬಸ್ಸು ಹತ್ತಿ ಊರಿಗೆ ಬಂದಳಂತೆ. ನೇರ ಬೊಬ್ಬರ್ಯನ ಗುಡಿಗೆ ಹೋಗಿದ್ದಾಳೆ. ಕಡಲಿಗೆ ಇಳಿಯುವ ನಮಗೆ ಬೊಬ್ಬರ್ಯನೇ ಕಾವಲು.

"ಬೊಬ್ಬರ್ಯಾ, ಇವ್ನ್ ಒಬ್ನ ಉಳ್ಸಿ ಕೊಡ್. ಆ ಮಿಷನ್ ಇವ್ನ್ ಎದಿ ಒಳ್ಗೆ ಇಪ್ಪಷ್ಟ್ ದಿನ ಇವ ಹಗ್ಗ ಮುಟ್ಟುದಿಲ್ಲ. ನಾನ್ ಮುಟ್ಟುಕ್ ಬಿಡುದಿಲ್ಲ" ಎಂದು ಮಾತು ಕೊಟ್ಟು ಬಂದಳು.

ನಾನು ಉಳಿದೆ. ಹಗ್ಗ ಹೋಯಿತು.

ಎಡಗೈ ಎತ್ತಬಾರದು, ಎಳೆಯಬಾರದು ಎಂದು ಡಾಕ್ಟರು ಹೇಳಿದ್ದನ್ನೂ ಅಕ್ಕ ಆ ಮಾತಿನ ಜೊತೆಗೇ ಗಂಟು ಹಾಕಿಬಿಟ್ಟಳು. ಬಾವಿಯಿಂದ ನೀರು ಸೇದಲು ಹೋದರೆ ಕೊಡಪಾನ ಕಸಿದುಕೊಳ್ಳುತ್ತಿದ್ದಳು. ಮಾಡಿನ ಜೇಡರ ಬಲೆ ತೆಗೆಯಲು ಕೋಲು ಹಿಡಿದರೆ ಬೊಬ್ಬೆ. ಜಗಲಿಯಲ್ಲಿ ಕೂತು ಬಲೆ ಸರಿ ಮಾಡುವುದು, ಅದೂ ಬಲಗೈಯಲ್ಲಿ. ಎಡಗೈ ಬರೇ ಬಲೆ ಹಿಡಿದುಕೊಳ್ಳುವುದಕ್ಕೆ. ಹನ್ನೊಂದು ವರ್ಷದಲ್ಲಿ ನನ್ನ ಎಡಗೈ ಬಲಗೈಯ ತಮ್ಮನ ಹಾಗೆ ಆಗಿತ್ತು.

ನಮ್ಮ ಬಲೆಯ ತಂಡೇಲ, ಎಂದರೆ ಎಳೆಯುವವರಿಗೆಲ್ಲ ಮುಖ್ಯಸ್ಥ, ನಾರಾಯಣ ಒಳ್ಳೆಯ ಮನುಷ್ಯ. ಮೀನು ಚೆನ್ನಾಗಿ ಬಿದ್ದ ದಿನ ನನಗೂ ಒಂದು ಪಾಲು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕಳಿಸುತ್ತಿದ್ದ. ಅಕ್ಕ ಸಾರು ಮಾಡುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಪೇಟೆಯಿಂದ ತಂದ ಮೀನಾದರೆ ಮುಳ್ಳು ಸಮೇತ ನುಂಗಿಯೇನು, ಆದರೆ ಹಗ್ಗ ಹಿಡಿಯದೆ ಬಂದ ಪಾಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಇವ್ನ್ ಸೊಕ್ಕ್ ಕಾಣ್" ಎನ್ನುತ್ತಿದ್ದಳು ಅಕ್ಕ. ಸೊಕ್ಕಲ್ಲ, ನಾಚಿಕೆ. ನಲವತ್ತು ಜನರ ಸಾಲಿನಲ್ಲಿ ನನ್ನ ಜಾಗ ಖಾಲಿಯಿದ್ದು, ಪಾಲು ಮಾತ್ರ ಮನೆಗೆ ಬರುವುದೆಂದರೆ ಬಹಳ ಬೇಸರ.

ಇನ್ನು ನನ್ನ ಒಂದು ದುರಭ್ಯಾಸ ಹೇಳಬೇಕು. ನನಗೆ ಯಾವುದನ್ನೂ ಕೆದಕಿ ನೋಡದೆ ಇರಲು ಆಗುವುದಿಲ್ಲ. ಡಬ್ಬಿ ಕೂರಿಸಿದಾಗ ದಿನಾ ನಾಡಿ ಎಣಿಸಿ ಎಂದು ನರ್ಸು ಹೇಳಿಕೊಟ್ಟಿದ್ದಳು. ಬೇರೆಯವರಾದರೆ ತಿಂಗಳಲ್ಲಿ ಮರೆಯುತ್ತಿದ್ದರು. ನಾನು ಹನ್ನೊಂದು ವರ್ಷ ಎಣಿಸಿದೆ. ಕೂತಾಗ ಅರವತ್ತು, ಮಡಿಕಲ್ ಕಡಲತೀರದವರೆಗೆ ಬಿರುಸಾಗಿ ನಡೆದು ಬಂದರೆ ತೊಂಬತ್ತು, ಅಕ್ಕನ ಜೊತೆ ಜಗಳವಾದರೆ ಅದಕ್ಕೂ ಹೆಚ್ಚು. ಎಣಿಸುವಾಗೆಲ್ಲ ಒಂದೇ ಪ್ರಶ್ನೆ: ಹೊಡೆದುಕೊಳ್ಳುತ್ತಿರುವುದು ನಾನೋ, ಡಬ್ಬಿಯೋ? ನನ್ನ ಸ್ವಂತದ ಹೃದಯ ಇನ್ನೂ ಏನಾದರೂ ಮಾಡುತ್ತಿದೆಯೋ, ಅಲ್ಲ ಅದೂ ನನ್ನಂತೆ ಜಗಲಿಯಲ್ಲಿ ಕೂತಿದೆಯೋ? ಅಕ್ಕನಲ್ಲಿ ಕೇಳಿದರೆ, "ಉಂಡ್ ಸುಮ್ನೆ ಮಲ್ಕೊ" ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಆಸಾಡಿಯಲ್ಲಿ ಲೆಕ್ಕ ತಪ್ಪಿತು. ಕೂತರೂ ಅರವತ್ತೈದು, ನಡೆದರೂ ಅರವತ್ತೈದು, ಜಗಳ ಮಾಡಿದರೂ ಅರವತ್ತೈದು. ಬಾವಿಕಟ್ಟೆಯಿಂದ ಜಗಲಿಗೆ ಬರುವಷ್ಟರಲ್ಲಿ ಏದುಸಿರು. ಮಳೆ ಬಿಡದೆ ಹೊಯ್ಯುತ್ತಿತ್ತು. ಆ ಮಳೆಯಲ್ಲೇ ಅಕ್ಕನನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಪರೀಕ್ಷೆ ಮಾಡಲು ಹೊಸ ಹುಡುಗಿಯೊಬ್ಬಳು ಬಂದಿದ್ದಳು. ಹೆಸರು ಸೌಮ್ಯ. ಹಪ್ಪಳದಷ್ಟು ಅಗಲದ ತಟ್ಟೆಯೊಂದನ್ನು ನನ್ನ ಎದೆಯ ಮೇಲಿಟ್ಟು, ಎದುರಿನ ಪರದೆ ನೋಡುತ್ತಾ, "ಅಜ್ಜ, ಅಲುಗಾಡಬೇಡಿ" ಎಂದಳು.

"ಅಜ್ಜ ಅಂದ್ರೆ ಯಾರ್? ನಂಗೆ ಅರವತ್ಮೂರು" ಎಂದೆ.

ಹುಡುಗಿ ನಕ್ಕುಬಿಟ್ಟಳು. "ಹೌದಾ? ಹಾಂಗಾರೆ ಮಾವ ಅಂಬುದಾ?"

ನಮ್ಮ ಕಡೆಯ ಮಾತಿನಲ್ಲಿ "ಅಂಬುದಾ" ಎಂದದ್ದು ಕೇಳಿದ ಕೂಡಲೇ ಅಕ್ಕ ಕುರ್ಚಿಯಿಂದ ಎದ್ದಳು. "ಯಾವೂರ್ ಹೆಣೆ ನಿಂದ್?"

"ಕೊಕ್ಕರ್ಣೆ ಅಮ್ಮ."

ಅಲ್ಲಿಂದ ಅಕ್ಕನಿಗೆ ಆಸ್ಪತ್ರೆ ನಮ್ಮದೇ ಮನೆಯ ಹಾಗಾಯಿತು. ನನ್ನ ನಾಡಿ ಲೆಕ್ಕ ಕೇಳಿ ಸೌಮ್ಯ ಹುಬ್ಬು ಏರಿಸಿದಳು. "ನೀವ್ ಎಣ್ಸದ್ದ್ ಸರಿ ಇತ್ತ್ ಮಾವ. ಬ್ಯಾಟರಿ ಮುಗೀತ್ ಬಂತ್. ಕಮ್ಮಿ ಆಪ್ ಹೊತ್ತಿಗೆ ಅದ್ ಓಡಾಟ ಎಲ್ಲ ಬಿಟ್ಟ್ ಅರವತ್ತೈದ್ರಂಗೆ ಕೂಕಂತ್. ಇದ್ದದ್ದ್ ಉಳ್ಸ್ಕಂಬುಕೆ. ಇನ್ನ್ ಮೂರ್ ತಿಂಗ್ಳ್ ಒಳ್ಗೆ ಬದ್ಲ್ ಮಾಡ್ಕ್."

"ಆಸಾಡಿಯಂಗೆ ಮೈ ಕೊಯ್ಯುಕಾಗ. ಸೋಣ ಬರ್ಲಿ" ಎಂದಳು ಅಕ್ಕ. ಸೌಮ್ಯಳೂ ನಮ್ಮ ಕಡೆಯವಳೇ ತಾನೆ, ವಾದ ಮಾಡದೆ ಸೋಣ ತಿಂಗಳ ಮೊದಲ ವಾರಕ್ಕೆ ದಿನ ಬರೆದುಕೊಟ್ಟಳು. ಆಮೇಲೆ ಅಕ್ಕ ನನ್ನ ಎದೆಯ ಉಬ್ಬನ್ನು ನೋಡುತ್ತಾ ಕೇಳಿದಳು: "ಅಲ್ಲ, ಒಂದ್ ಶೆಲ್ ಹಾಕುಕೆ ಕೊಯ್ಯುದ್ ಎಂತಕ್ಕೆ? ಅದಕ್ಕೆ ಮುಚ್ಚಳ ಇಲ್ಯಾ?"

ನಾವು ಅಲ್ಲಿಯವರೆಗೆ ತಿಳಿದದ್ದು ಹಾಗೆಯೇ, ಟಾರ್ಚಿಗೆ ಶೆಲ್ಲು ಹಾಕಿದ ಹಾಗೆ ಹಳತು ತೆಗೆದು ಹೊಸತು ಹಾಕಿ ಮುಚ್ಚುತ್ತಾರೆ ಎಂದು. ಸೌಮ್ಯ ಮೇಜಿನ ಖಾನೆಯಿಂದ ಮಾದರಿಯ ಡಬ್ಬಿಯೊಂದನ್ನು ತೆಗೆದು ಅಕ್ಕನ ಅಂಗೈಯಲ್ಲಿಟ್ಟಳು. ಎಲ್ಲೂ ಒಂದು ಸಂದಿಲ್ಲ. "ನೀರ್ ಹೊಗುಕಾಗ ಅಂದೇಳಿ ಬೆಸ್ದ್ ಬಿಟ್ಟಿರ್ ಅಮ್ಮ. ಡಬ್ಬಿಯನ್ನೇ ಬದ್ಲ್ ಮಾಡುದ್. ತಂತಿ ಮಾತ್ರ ಹಳೇದೇ."

ಅಕ್ಕ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನನ್ನ ತಲೆಯಲ್ಲಿ ಆಗಲೇ ಒಂದು ಹುಳ ಹೊಕ್ಕಿತ್ತು, ಆದರೆ ಬಾಯಿ ಬಿಡಲಿಲ್ಲ.

ಸೋಣದಲ್ಲಿ ಮಳೆ ಸ್ವಲ್ಪ ಕಣ್ಣು ಮುಚ್ಚಿತು. ಆಪರೇಷನ್ನಿನ ಬೆಳಿಗ್ಗೆ ಡಾಕ್ಟರು ಬಂದು, ಎರಡೂ ಕೈ ಮೇಲೆತ್ತಿ ಎಂದರು. ಬಲಗೈ ಕಿವಿಗೆ ತಾಗಿತು. ಎಡಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

"ಏನಾಯಿತು ಈ ಕೈಗೆ? ಬಿದ್ದಿದ್ದಿರಾ?"

"ಇಲ್ಲ ಡಾಕ್ಟ್ರೆ. ಹನ್ನೊಂದ್ ವರ್ಷದಿಂದ ಎತ್ಲಿಲ್ಲೆ."

"ಯಾಕೆ?"

"ಎತ್ತುಕಾಗ ಅಂದಿರಲೆ ನೀವ್?" ಎಂದಳು ಅಕ್ಕ, ನನಗಿಂತ ಮುಂಚೆ.

ಡಾಕ್ಟರು ಹಳೆಯ ಕಡತ ತೆರೆದರು. ಒಂದು ಹಾಳೆಯ ಮೇಲೆ ಬೆರಳಿಟ್ಟು, "ಅಮ್ಮ, ಇಲ್ಲಿ ಬರೆದದ್ದು ಆರು ವಾರ. ಗಾಯ ಮಾಗುವವರೆಗೆ. ಆಮೇಲೆ ಅವರು ತಮ್ಮ ಕೆಲಸವೆಲ್ಲ ಮಾಡಬಹುದಿತ್ತು" ಎಂದರು.

ಆರು ವಾರ! ಹನ್ನೊಂದು ವರ್ಷದ ಬೆಳಗುಗಳು, ಹನ್ನೊಂದು ವರ್ಷದ ಹಗ್ಗ. ಅಕ್ಕನ ಮುಖ ನೋಡಿದೆ. ಅವಳೂ ಬಿಳುಚಿಕೊಂಡಿದ್ದಳು. ಆದರೆ ಸೋಲುವ ಹೆಂಗಸಲ್ಲ.

"ನಾನ್ ಹೇಳದ್ದ್ ಡಾಕ್ಟ್ರ್ ಹತ್ರ ಅಲ್ಲ, ಬೊಬ್ಬರ್ಯನ ಹತ್ರ" ಎಂದು ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ಮೇಜಿನ ಮೇಲೆ ಮಲಗಿಸಿದರು. ಎಚ್ಚರದಲ್ಲೇ ಇರುತ್ತೇನೆ, ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ ಎಂದು ತಿಳಿದು ನನಗೆ ಖುಷಿಯೇ ಆಯಿತು. ನೋಡಲು ಸಿಗುತ್ತದಲ್ಲ! ಆದರೆ ಮುಖದ ಮುಂದೆ ಹಸಿರು ಬಟ್ಟೆ ಕಟ್ಟಿ ಆ ಆಸೆಗೆ ಕಲ್ಲು ಹಾಕಿದರು. ಬದಿಯಲ್ಲಿ ನನ್ನ ಹೃದಯದ ಗೆರೆ ಓಡುವ ಪರದೆ ಮಾತ್ರ ಕಾಣುತ್ತಿತ್ತು. ಸೌಮ್ಯ ಅದರ ಹತ್ತಿರ ನಿಂತಿದ್ದಳು.

"ಮಾವ, ಹಳೆ ಡಬ್ಬಿ ತೆಗ್ದ್ ಹೊಸ್ದ್ ಸಿಕ್ಸುವರಿಗೆ ಒಂದೆರ್ಡ್ ಕ್ಷಣ ನಿಮ್ಗೆ ಎಂತದೂ ಇರುದಿಲ್ಲ. ಅದಕ್ಕೇ ಮೊದ್ಲ್ ಕಾಂಬ, ನಿಮ್ದೇ ಹೃದಯ ಎಷ್ಟ್ ಹೊಡಿತ್ತ್ ಅಂದೇಳಿ. ಇಲ್ದಿರೆ ಬೇರೆ ತಂತಿ ಇಳ್ಸ್ಕ್. ಡಬ್ಬಿ ಹೊಡ್ತ ನಿಧಾನಕ್ಕೆ ಕಮ್ಮಿ ಮಾಡ್ತೆ. ತಲೆ ತಿರ್ಗಿರೆ ಹೇಳಿ."

ಹನ್ನೊಂದು ವರ್ಷ ನಾನು ಕೇಳಿಕೊಂಡ ಪ್ರಶ್ನೆಯನ್ನೇ ಈ ಹುಡುಗಿ ಒಂದು ಗುಂಡಿಯಲ್ಲಿ ಕೇಳಲು ಹೊರಟಿದ್ದಳು. ಕುತೂಹಲ ಎಷ್ಟಿತ್ತೋ ಹೆದರಿಕೆಯೂ ಅಷ್ಟೇ ಇತ್ತು.

"ಅರವತ್ತ್" ಎಂದಳು. ಗೆರೆ ಓಡುತ್ತಿತ್ತು. "ಐವತ್ತ್." ಓಡುತ್ತಿತ್ತು, ಆದರೆ ಅದು ಡಬ್ಬಿಯದೇ ಹೊಡೆತವಂತೆ. "ನಲವತ್ತ್." ಆಗಲೂ ಡಬ್ಬಿಯೇ. ಕಿವಿಯಲ್ಲಿ ಗುಂಯ್ ಎಂದಿತು. ಡಾಕ್ಟರು ಕೈ ನಿಲ್ಲಿಸಿ ಪರದೆ ನೋಡುತ್ತಿದ್ದರು. "ಮೂವತ್ತೈದ್" ಎಂದಳು ಸೌಮ್ಯ. ಗೆರೆ ಚಪ್ಪಟೆಯಾಗಿ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಬೊಬ್ಬರ್ಯಾ ಎಂದುಕೊಂಡೆ.

ಆಗ ಒಂದು ಗೆರೆ ಎದ್ದಿತು. ಅಗಲವಾಗಿ, ಸೋಮಾರಿಯ ಹಾಗೆ. ಅದು ಮುಂಚಿನವುಗಳ ಹಾಗೆ ಇರಲಿಲ್ಲ. ಸ್ವಲ್ಪ ಬಿಟ್ಟು ಮತ್ತೊಂದು. ಮತ್ತೊಂದು.

"ಬಂತ್ ಮಾವ! ಇದ್ ನಿಮ್ದೇ. ಮೂವತ್ತೆಂಟ್."

ಬಟ್ಟೆಯ ಹಿಂದೆ ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ. ಕೈರಂಪಣಿಯಲ್ಲಿ ಬಾಲ ಹಿಡಿದು ನಿಲ್ಲುವ ಮುದುಕರು ನೆನಪಾದರು. ಎಳೆಯುವ ಶಕ್ತಿ ಇಲ್ಲ, ಆದರೆ ಬಿಟ್ಟು ಹೋಗುವುದಿಲ್ಲ. ಹನ್ನೊಂದು ವರ್ಷವೂ ನನ್ನ ಹೃದಯ ಅಲ್ಲಿ ಹಗ್ಗ ಹಿಡಿದೇ ನಿಂತಿತ್ತು. ಡಾಕ್ಟರು "ಸರಿ, ಸಾಕು" ಎಂದ ಮೇಲೆ ಸೌಮ್ಯ ಮತ್ತೆ ಏರಿಸಿದಳು, ಕಿವಿಯ ಗುಂಯ್ ಬಿಟ್ಟಿತು. ಡಬ್ಬಿ ಬದಲಾದದ್ದು ನನಗೆ ಗೊತ್ತೇ ಆಗಲಿಲ್ಲ.

ಹಳೆಯದು ನನಗೆ ಬೇಕು ಎಂದು ಮೊದಲೇ ಬರೆದುಕೊಟ್ಟಿದ್ದೆ. ಮಾರನೆಯ ದಿನ ತೊಳೆದು ಪ್ಲಾಸ್ಟಿಕ್ ಕರಡಿಗೆಯಲ್ಲಿ ಹಾಕಿ ಕೊಟ್ಟರು. ಮರುವಾಯಿ ಚಿಪ್ಪಿನಷ್ಟು ದೊಡ್ಡದು, ಕಬ್ಬಿಣದ ಬಣ್ಣ, ಮೈ ತುಂಬ ಸಣ್ಣ ಅಕ್ಷರ. ಕಿವಿಗೆ ಹಿಡಿದು ನೋಡಿದೆ. ಸದ್ದಿಲ್ಲ. ಉಗುರಿನಿಂದ ಕೆರೆದೆ. ಏನೂ ಆಗಲಿಲ್ಲ. ಆಮೇಲೆ ಧೈರ್ಯ ಮಾಡಿ, ಆವತ್ತು ತಲೆಗೆ ಹೊಕ್ಕ ಹುಳವನ್ನು ಅಕ್ಕನ ಮುಂದೆ ಬಿಟ್ಟೆ.

"ಅಕ್ಕ, ನೀ ಬೊಬ್ಬರ್ಯನ ಹತ್ರ ಎಂತ ಹೇಳದ್ದ್? ಮಿಷನ್ ಎದಿ ಒಳ್ಗೆ ಇಪ್ಪಷ್ಟ್ ದಿನ ಅಂದಲೆ? ಕಾಣ್, ಮಿಷನ್ ಇಲ್ಲ್ ಇತ್ತ್."

ಅವಳು ಕರಡಿಗೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ದೈವದ ಹತ್ರ ವಕೀಲಿ ಮಾಡ್ತ್ಯಾ? ತಂತಿ ಹಳೇದೇ ಇತ್ತಲೆ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹನ್ನೊಂದ್ ವರ್ಷ ನನ್ನ ಜಗಲಿಯಂಗೆ ಕೂರ್ಸಿದೆಯಲೆ!"

ಅಕ್ಕ ಮೆಲ್ಲಗೆ, "ನೀನ್ ಮರಳಂಗೆ ಬಿದ್ದದ್ದ್ ನೀನ್ ಕಾಣ್ಲಿಲ್ಲೆ. ನಾನ್ ಕಂಡಿದೆ" ಎಂದಳು. ನಾನು ಡಬ್ಬಿಯನ್ನು ಕರಡಿಗೆಗೆ ಹಾಕಿ ಮುಚ್ಚಿದೆ.

ಈ ಸಲ ಆರು ವಾರ ಎಂದರೆ ಆರೇ ವಾರ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ನಾರಾಯಣನ ಬಲೆ ಕಡಲಿಗೆ ಇಳಿದಿತ್ತು. ಎಳೆಯುವವರ ಕೂಗು ಗಾಳಿ ಬಂದಾಗ ಜಗಲಿಯವರೆಗೂ ಕೇಳುತ್ತಿತ್ತು. ಅಕ್ಕನಿಗೂ ಕೇಳುತ್ತಿತ್ತು, ಕೇಳದವಳ ಹಾಗೆ ಇರುತ್ತಿದ್ದಳು.

ಆರು ವಾರ ಕಳೆದು ತಪಾಸಣೆಗೆ ಹೋದಾಗ, ನಾನು ಏನಾದರೂ ಕೇಳುವ ಮೊದಲೇ ಅಕ್ಕ ಸೌಮ್ಯಳ ಕೈ ಹಿಡಿದಳು. "ಹೆಣೆ, ನಂಗೊಂದ್ ಹೇಳ್. ಆ ಹಳೆ ತಂತಿ, ಇವ ಜೋರ್ ಎಳ್ದ್ರೆ ಕಿತ್ತ್ ಬತ್ತಾ?"

ಸೌಮ್ಯ ಪರದೆಯ ಮೇಲಿನ ಅಂಕಿಗಳನ್ನು ಅವಳಿಗೆ ತೋರಿಸಿದಳು. ಅಕ್ಕನಿಗೆ ಅಂಕಿ ಅರ್ಥವಾಗದು, ಆದರೂ ಕಣ್ಣು ಕಿರಿದು ಮಾಡಿ ನೋಡಿದಳು. "ಅಳ್ದ್ ಕಂಡಿದೆ ಅಮ್ಮ. ಗಟ್ಟಿ ಇತ್ತ್. ಹನ್ನೊಂದ್ ವರ್ಷ ಆಯ್ತಲೆ, ಸುತ್ತ ಮಾಂಸ ಬೆಳ್ದ್ ಕಚ್ಚಿ ಹಿಡ್ದಿತ್ತ್. ಡಾಕ್ಟ್ರೂ ಅಡ್ಡಿಲ್ಲೆ ಅಂದಿರ್. ಸುರುವಿಗೇ ಮುಂದೆ ನಿತ್ಕಂಡ್ ಎಳುದ್ ಬ್ಯಾಡ, ಕೈ ನಿಧಾನ ಬಳ್ಕ್ ಆಯ್ಲಿ. ಹಿಂದೆ ಹಿಡ್ಕಂಡ್ರೆ ಎಂತ ಆತಿಲ್ಲ."

ಬಸ್ಸು ಹತ್ತಿ ಊರಿಗೆ ಹೊರಟೆವು. ಮರವಂತೆಯಲ್ಲಿ ಕಡಲು ರಸ್ತೆಯ ಪಕ್ಕಕ್ಕೇ ಬರುತ್ತದಲ್ಲ, ಅಲ್ಲಿ ಅಕ್ಕ ಕಿಟಕಿಯಿಂದ ಹೊರಗೆ ನೋಡಿ, "ನೀರ್ ತಿಳಿ ಆಯ್ತ್" ಎಂದಳು.

ಮರುದಿನ ಬೆಳಿಗ್ಗೆ ಎದ್ದಾಗ ಅಕ್ಕ ಮಿಂದು, ತಲೆಗೆ ಬಟ್ಟೆ ಸುತ್ತಿ ಜಗಲಿಯಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ತೆಂಗಿನಕಾಯಿ, ಒಂದು ಕೈಯಲ್ಲಿ ಹಳೆ ಡಬ್ಬಿಯ ಕರಡಿಗೆ. "ಬಾ" ಎಂದಳು. ಬೊಬ್ಬರ್ಯನ ಗುಡಿಯ ಮುಂದೆ ಕಾಯಿ ಇಟ್ಟಳು. ಕರಡಿಗೆ ಬಿಚ್ಚಿ ಡಬ್ಬಿಯನ್ನು ಕಲ್ಲಿನ ಮೇಲೆ ಇಟ್ಟಳು. ಸಾಲ ವಸೂಲಿಗೆ ಬಂದವಳ ಹಾಗಲ್ಲ, ಪಕ್ಕದ ಮನೆಯವರೊಡನೆ ಮಾತಾಡುವ ಹಾಗೆ ಮಾತಾಡಿದಳು.

"ಬೊಬ್ಬರ್ಯಾ, ಕಾಣ್. ನಾನ್ ಹೇಳದ್ ಮಿಷನ್ ಇದೇ. ಇದ್ ಇಪ್ಪಷ್ಟ್ ದಿನ ಇವ ಹಗ್ಗ ಮುಟ್ಲಿಲ್ಲೆ. ನಾನ್ ನನ್ ಮಾತ್ ಉಳ್ಸ್ಕಂಡೆ, ನೀನ್ ನಿನ್ ಮಾತ್ ಉಳ್ಸ್ಕಂಡೆ. ಈಗ ಇದ್ ಹೆರ್ಗ್ ಬಂತ್." ಡಬ್ಬಿಯನ್ನು ಬೆರಳಿನಿಂದ ಒಂದಿಷ್ಟು ಮುಂದೆ ಸರಿಸಿದಳು. "ಹೊಸ್ದ್ರ ಬಗ್ಗೆ ನಾನ್ ನಿನ್ ಹತ್ರ ಎಂತದೂ ಹೇಳ್ಲಿಲ್ಲೆ."

ನಾನು ಅವಳ ಮುಖ ನೋಡಿದೆ. ಅವಳು ಡಬ್ಬಿಯನ್ನು ಮತ್ತೆ ಕರಡಿಗೆಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮನೆಯ ದಾರಿ ಬಿಟ್ಟು ಕಡಲಿನ ದಾರಿ ಹಿಡಿದಳು.

ಮಡಿಕಲ್ಲಿನಲ್ಲಿ ಬಲೆ ಅರ್ಧ ಬಂದಿತ್ತು. ನಾರಾಯಣ ನನ್ನನ್ನು ಕಂಡು ಅಷ್ಟು ದೂರದಿಂದಲೇ, "ಹ್ವಾಯ್! ಎಂತ ಇತ್ಲಾಗ್ ಬಂದದ್ದ್?" ಎಂದು ಕೂಗಿದ. ಸಾಲಿನ ಕೊನೆಗೆ ಹೋಗಿ ಹಗ್ಗದ ಬಾಲ ಹಿಡಿದೆ. ಒದ್ದೆ ಹಗ್ಗ, ಉಪ್ಪು, ಮರಳು. ಬಲಗೈ ಗುರುತು ಹಿಡಿಯಿತು. ಎಡಗೈ ಮೊದಲು ನಾಚಿಕೊಂಡಿತು, ಆಮೇಲೆ ಅದೂ ಮುಷ್ಟಿ ಕಟ್ಟಿತು. ಮುಂದಿನವರು ಕೂಗು ಹಾಕಿ ಎಳೆದಾಗ ಹಗ್ಗ ನನ್ನನ್ನೇ ಎಳೆದುಕೊಂಡು ಹೋಗುವ ಹಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಹಿಡಿದು ನಿಲ್ಲಿಸಿದರು. ತಿರುಗಿ ನೋಡಿದರೆ ಅಕ್ಕ. ಸೀರೆ ಎತ್ತಿ ಕಟ್ಟಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಾಲು ಮರಳಿಗೆ ಊರಿ ನಿಂತಿದ್ದಾಳೆ.

"ಮುಂದೆ ಕಾಣ್" ಎಂದು ಗದರಿದಳು.

ಬಲೆ ದಡಕ್ಕೆ ಬಂತು. ಬೈಗೆ ಎನ್ನುವ ಸಣ್ಣ ಮೀನು, ಮಧ್ಯೆ ಮಧ್ಯೆ ಬಂಗುಡೆ. ಬಹಳವೇನಲ್ಲ. ನಾರಾಯಣ ಮರಳಿನ ಮೇಲೆ ಪಾಲು ಹಾಕುತ್ತಾ ಬಂದು ನಮ್ಮ ಮುಂದೆ ನಿಂತ. "ಅಕ್ಕ, ನಿಮ್ದೂ ಒಂದ್ ಪಾಲಾ?"

"ಮತ್ತೆ? ಕಾಂತಿಲ್ಯಾ ನಿಂಗೆ? ಹಿಡ್ದಿದೆ ಅಲ್ದಾ?" ಎಂದಳು. ನಾರಾಯಣ ನಗುತ್ತಾ ಎರಡು ಗುಪ್ಪೆ ಹಾಕಿದ.

ನಾನು ಮರಳಿನ ಮೇಲೆ ಕುಸಿದು ಕೂತೆ. ಎದೆ ಡವಡವ ಎನ್ನುತ್ತಿತ್ತು. ಹೊಸ ಡಬ್ಬಿ ಎಷ್ಟು ಓಡುತ್ತಿದೆಯೋ, ಅದರ ಅಡಿಯಲ್ಲಿ ಆ ಮೂವತ್ತೆಂಟು ಎಲ್ಲಿದೆಯೋ ನೋಡುವ ಎಂದು ಅಭ್ಯಾಸದಂತೆ ಬೆರಳು ಮಣಿಕಟ್ಟಿಗೆ ಹೋಯಿತು. ಅಕ್ಕ ಫಟ್ಟೆಂದು ಕೈಯ ಮೇಲೆ ಹೊಡೆದಳು.

"ಎಣ್ಸುದ್ ಸಾಕ್. ಮೀನ್ ಹೆಕ್ಕ್."

ಎಡಗೈಯಲ್ಲಿ ಹೆಕ್ಕಿದೆ.